ಒಳಗೆ ಬಿಟ್ಟ ಬಟ್ಟೆ

ಗಿಕೊಂಬಾ ಸಂತೆಯಲ್ಲಿ ಹಳೇ ಬಟ್ಟೆಯ ಮೂಟೆ ಬಿಚ್ಚಿದ ಬೆಳಿಗ್ಗೆ
ಈ ಕೋಟಿಗೆ ಮೊದಲು ಕೈ ಹಾಕಿದವನು ನಾನೇ.
ಯಾವ ದೇಶದ ಯಾವ ದಢೂತಿ ಆಸಾಮಿಯದೋ,
ಬಣ್ಣ ಇದ್ದಿಲು, ಅಸ್ತರು ರೇಷ್ಮೆಯಂಥದು,
ಎಡ ಮೊಣಕೈ ಮಾತ್ರ ಸವೆದಿತ್ತು:
ಕೂತು, ಗಲ್ಲಕ್ಕೆ ಕೈಕೊಟ್ಟು
ಸಂಬಳ ತಿಂದವನಿರಬೇಕು, ಪುಣ್ಯಾತ್ಮ.

ನಮ್ಮ ವಠಾರದ ಐದು ಬಾಗಿಲುಗಳು
ಚಂದಾ ಎತ್ತಿ ಕೊಂಡವು.
ಇಂಟರ್‌ವ್ಯೂ ಯಾರಿಗೆ ಬರುತ್ತದೋ
ಆ ವಾರ ಅದು ಅವರ ಮೈಮೇಲೆ.
ಉಳಿದ ದಿನ ನನ್ನ ಗೂಟದ ಮೇಲೆ,
ಸೀಮೆಎಣ್ಣೆಯ ಹೊಗೆ ತಾಗದಂತೆ
ಸಕ್ಕರೆ ಚೀಲ ಹೊದ್ದುಕೊಂಡು.

ಒಕೆಲೋ ಬಂದ. ಮರಕ್ಕೆ ಕೈಕಾಲು ಬಂದಂಥ ಹುಡುಗ.
ತೋಳಿನ ಮಡಿಕೆ ಪೂರಾ ಬಿಚ್ಚಿದೆ, ಮಣಿಕಟ್ಟು ಮುಚ್ಚಲಿಲ್ಲ.
'ಕೈಕಟ್ಟಿಕೊಂಡೇ ಕೂತಿರು' ಅಂದೆ.
ಕಟ್ಟಿಕೊಂಡೇ ಕೂತನಂತೆ;
'ಅಹಂಕಾರ' ಅಂತ ಬರೆದುಕೊಂಡರಂತೆ.

ಮುಸೆಂಬಿ ಬಂದ. ಐವತ್ತರ ಹತ್ತಿರ,
ಗೋದಾಮು ಮುಚ್ಚಿ ಎರಡು ವರ್ಷ.
ಸೊಂಟ ಹಿಡಿದೆ, ಹಿಡಿದೆ, ಮತ್ತೂ ಹಿಡಿದೆ.
ಅಳತೆಪಟ್ಟಿ ಸುಳ್ಳು ಹೇಳುವುದಿಲ್ಲ,
ಎಷ್ಟು ಹೊತ್ತಿನ ಊಟ ತಪ್ಪಿದೆ ಅನ್ನುವುದನ್ನೂ ಹೇಳಿಬಿಡುತ್ತದೆ.
ನಾನು ಕೇಳಲಿಲ್ಲ.
'ಬೆವರು ಕಾಣಬಾರದು ಫುಂಡಿ' ಅಂದ ಅವನು, ಅಷ್ಟೇ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ
ಅನ್ನುವ ಮಾತಿದೆಯಲ್ಲ,
ಅದನ್ನು ಕಟ್ಟಿದವನು ಹೊಟ್ಟೆ ತುಂಬಿದವನು.
ನೋಟ ಒಪ್ಪಿದರೆ ತಾನೇ
ಇಲ್ಲಿ ಊಟ.

ಹೀಗೆ ಬಿಚ್ಚಿ, ಹೊಲಿದು, ಮತ್ತೆ ಬಿಚ್ಚಿ
ಬೆನ್ನ ನಡುವಿನ ಗೆರೆಯುದ್ದಕ್ಕೂ ಸೂಜಿಯ ತೂತು.
ಬೆಳಕಿಗೆ ಹಿಡಿದರೆ ಕಾಣುತ್ತದೆ,
ಬರೆದು ಅಳಿಸಿದ ಅರ್ಜಿಯ ಹಾಗೆ.
ಕತ್ತರಿ ಮಾತ್ರ ಎಲ್ಲೂ ಆಡಿಸಿರಲಿಲ್ಲ.
ಹೆಚ್ಚಾದದ್ದನ್ನು ಮಡಚಿ ಒಳಗೆ ಬಿಟ್ಟಿದ್ದೆ.
ನಾಳೆ ಬರುವವರ ಮೈ ಯಾರು ಬಲ್ಲರು?

ಹೋದ ತಿಂಗಳು ನೆಕೇಸಾ.
ಗಂಡಸರ ಕೋಟು, ಗುಂಡಿ ಬಲಕ್ಕೆ.
'ಅದನ್ನೂ ಬದಲಿಸು' ಅಂದಳು,
'ಆ ಹೋಟೆಲಿನ ಮೇಡಂ ಕಣ್ಣು ಹದ್ದಿನದು.'
ಹಳೇ ಕಾಜಗಳ ಬಾಯಿ ಹೊಲಿದು
ಎದುರಿಗೆ ಹೊಸದು ಕೊರೆದೆ. ಅದೊಂದೇ ಸಲ ಕತ್ತರಿ.
ಇನ್ನು ಒಕೆಲೋ ಎಡಗಡೆ ಗುಂಡಿ ಹಾಕಿಕೊಳ್ಳಲಿ, ಏನೀಗ?
ಷೂ ಅವಳ ಅಕ್ಕನದು, ತುದಿಗೆ ಹತ್ತಿ ತುರುಕಿದ್ದು.
ಕೆಂಡದ ಇಸ್ತ್ರಿಗೆ ಊದಿ ಊದಿ ನನ್ನ ಕಣ್ಣು ಕೆಂಪಾಗಿತ್ತು.
ಬೆನ್ನು ಸುಕ್ಕಾದೀತೆಂದು
ಮತಾಟುವಿನ ಸೀಟಿಗೆ ಒರಗದೆ
ಊರಾಚೆಯವರೆಗೂ ಕಡ್ಡಿಯಂತೆ ಕೂತು ಹೋದಳಂತೆ.

ಕೆಲಸ ಸಿಕ್ಕಿತು.
ಆ ರಾತ್ರಿ ವಠಾರಕ್ಕೆಲ್ಲ ಚಪಾತಿ.

ಸೋಮವಾರ ಬಂದಳು, ಕಂಕುಳಲ್ಲಿ ಹಸಿರು ಕಂತೆ.
ಹೋಟೆಲಿನ ಯೂನಿಫಾರಂ: ಉದ್ದ ನಿಲುವಂಗಿ, ಮುಂದೆ ಏಪ್ರನ್,
ಎದೆಯ ಮೇಲೆ ಹಿಂದಿನವಳ ಹೆಸರಿನ
ದಾರ ಕಿತ್ತ ಗುರುತು.
ದಿನಕ್ಕೆ ನಲವತ್ತು ಹಾಸಿಗೆ.
ಕೋಟು ತೊಟ್ಟು ಹಾಸಿಗೆ ಹಾಸುವವರನ್ನು ನಾನಂತೂ ಕಂಡಿಲ್ಲ.
ಅವಳು ನಕ್ಕಳು. ನಾನೂ ನಕ್ಕೆ, ಸ್ವಲ್ಪ ತಡವಾಗಿ.
'ಅವತ್ತು ಏನು ಕೇಳಿದರು?'
'ಗುಂಡಿ ನೋಡಿದರು.
ಸೊಂಟ ಬಗ್ಗುತ್ತದಾ ಅಂತ ಕೇಳಿದರು.'

ಕೋಟನ್ನು ಮತ್ತೆ ಸಕ್ಕರೆ ಚೀಲಕ್ಕೆ ಇಳಿಸಿದೆ.
ಗುರುವಾರ ಮುಸೆಂಬಿಗೆ ಬೇಕಂತೆ,
ಯಾವುದೋ ಶಾಲೆಯ ಗೇಟು ಕಾಯುವ ಕೆಲಸ.
ಸೂಜಿಗೆ ಹಸಿರು ದಾರ ಪೋಣಿಸುತ್ತ ಅವಳಿಗೆ ಅಂದೆ:
ಪಕ್ಕದಲ್ಲಿ ಎರಡಿಂಚು ಒಳಗೆ ಬಿಟ್ಟಿರುತ್ತೇನೆ.
ಮೈಕೈ ತುಂಬಿಕೊಂಡರೆ
ಬಾ.