ಮೂರನೆಯವರು

ಡ್ರೈ ಫೋರ್ಕ್ ಪುರಸಭೆ, ಟೆಕ್ಸಾಸ್. ರಾತ್ರಿ ಒಂಬತ್ತೂವರೆ.
ಕಾಫಿ ಆರಿದೆ. ವಕೀಲ ಥಾರ್ನ್‌ಬರಿ ಓದುತ್ತಾನೆ, ಕಲಂ ಹದಿನಾಲ್ಕು:
ಬಾನಿಗೇರುವವರು ಸಹಿ ಹಾಕಿದ್ದಾರೆ, ಸತ್ತರೆ ದೂರಿಲ್ಲ.
ರಾಕೆಟ್ ಕಂಪನಿ ಸಹಿ ಹಾಕಿದೆ, ವಿಮೆಯ ಮಿತಿಯವರೆಗೆ.
ಮಿತಿಯಾಚೆ?
ಕನ್ನಡಕ ಒರೆಸಿಕೊಂಡ.
‘ರನ್‌ವೇ ಊರಿನದು. ಊರನ್ನೇ ಕೇಳಬಹುದು.’

ಊರೆಂದರೆ ಒಂದು ಅಗ್ನಿಶಾಮಕ ಲಾರಿ,
ಸೋರುವ ನೀರಿನ ಟ್ಯಾಂಕು,
ಹತ್ತಿಗೆ ಔಷಧಿ ಹೊಡೆಯುವ ಮುದಿ ವಿಮಾನ,
ನಡಾವಳಿ ಬರೆಯುವ ನಾನು.

‘ಮೂರನೆಯವರಿಗೆ ಹಾನಿಯಾದಲ್ಲಿ’ ಎಂದು ಟೈಪು ಮಾಡುವಾಗ
ಬೆರಳು ನಿಂತಿತು.
ರನ್‌ವೇಯ ನೇರಕ್ಕೆ, ಎರಡು ಮೈಲಿ ಪೂರ್ವಕ್ಕೆ,
ತಗಡಿನ ಸೂರಿನಡಿ ಮಲಗಿದ್ದಾಳೆ ಮಗಳು ವಿನೋನಾ,
ಯಾವುದಕ್ಕೂ ಸಹಿ ಹಾಕದೆ.

ಪರ ಐದು, ವಿರೋಧ ಎರಡು. ಅಂಗೀಕಾರ.
ತಪ್ಪಿಲ್ಲದೆ ಟೈಪು ಮಾಡಿದೆ.
ಸಭೆಯಲ್ಲಿದ್ದ ಸಾರ್ವಜನಿಕರು: ಸೊನ್ನೆ.