ಹುಟ್ಟುಗಾಲಿ

ಇಂಗ್ಲಿಷು ಜಾಸಿಂತನಿಗೆ, ಕೊಂಕಣಿ ಅನ್ವಿತಾಳಿಗೆ,
ಮರಾಠಿ ಹಿಂದಿ ಎರಡೂ ಶಾಹೀನಳ ಪಾಲು.
ಕನ್ನಡ ಯಾರಿಗೆ ಅಂದಾಗ
ಮೂವರೂ ನನ್ನ ಕಡೆ ತಿರುಗಿದರು,
ಬೈನಾ ಗುಡ್ಡದ ತಗಡಿನ ಮನೆಯೊಂದು
ಅಲ್ಲೇ ಬೆಂಚಿನ ಮೇಲೆ ಕೂತಿದ್ದಂತೆ.

ಶಾಹೀನಳ ಅಪ್ಪನ ಝೆರಾಕ್ಸ್ ಅಂಗಡಿ,
ಒಂದೇ ಕಂಪ್ಯೂಟರು, ನಾಲ್ಕು ಸ್ಟೂಲು.
ಜಾಲತಾಣಕ್ಕೆ ಹೆಸರೇ ಇನ್ನೂ ಗೊತ್ತಾಗಿಲ್ಲ.
ವಿಜ್ಞಾನದ ಹೆಂಗಸರು ಅಂದರೆ
ಹೆಂಗಸರಿಗೊಂದು ಬೇರೆ ವಿಜ್ಞಾನ ಇದ್ದಂತೆ, ಎಂದಳು ಅನ್ವಿತಾ.
ವಿಜ್ಞಾನಿಯರು ಅಂದರೆ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ, ಎಂದೆ ನಾನು.
ನಮ್ಮ ಜಗಳ ಮುಗಿಯುವ ಹೊತ್ತಿಗೆ
ಶಾಹೀನ್ ಒಬ್ಬಳೇ ಎರಡು ಪ್ಲೇಟು ಭಜಿ ಮುಗಿಸಿದ್ದಳು.

ದೊಡ್ಡ ಹೆಸರುಗಳು ಮೊದಲ ವಾರಕ್ಕೇ ತೀರಿದವು.
ಅವರ ಪದಕ, ಅವರ ಕಪ್ಪುಬಿಳುಪು ನಗು
ಎಲ್ಲ ಪುಸ್ತಕದಲ್ಲೂ ಒಂದೇ.
ಇಲ್ಲಿಯವರು ಒಬ್ಬರಾದರೂ ಬೇಡವೇ, ಕೇಳಿದರು ಟೀಚರು.

ಹಾಗೆ ಹೋದದ್ದು ಚಿಕಾಲಿಮಿಗೆ,
ಚರ್ಚಿನ ಹಿಂದಿನ ಓಣಿಯ ಅಲ್ಜಿರಾ ಆಂಟಿಯ ಮನೆಗೆ.
ಮೂವತ್ತೊಂದು ವರ್ಷ ಸಮುದ್ರ ಎಣಿಸಿದವರು.
ನೀರನ್ನಲ್ಲ, ನೀರಿನೊಳಗಿನವರನ್ನು.
ಹಡಗಿನಿಂದ ಬಂದ ಸೀಸೆ, ಸೀಸೆಯಿಂದ ಒಂದು ಚಮಚ,
ಮಸೂರದ ಕೆಳಗೆ ಗೆರೆ ಕೊರೆದ ಗಾಜು,
ಎಡಗೈಯಲ್ಲಿ ಟಿಕ್ಕೆನ್ನುವ ಗುಂಡಿ, ಬಲಗೈಯಲ್ಲಿ ಪೆನ್ಸಿಲು.
ಅವರ ಹೆಸರಿದ್ದದ್ದು ಲೇಖನದ ಕೊನೆಯ ಪುಟದಲ್ಲಿ,
ಅಕ್ಷರ ಸಣ್ಣದಾಗುವ ಜಾಗದಲ್ಲಿ:
ಚಿತ್ರಗಳಿಗಾಗಿ ಕುಮಾರಿ ಕುತಿನ್ಹೊ ಅವರಿಗೆ ವಂದನೆ.
"ಮದುವೆಯಾಗಿ ಆರು ವರ್ಷವಾದರೂ
ಅಲ್ಲಿ ಮಾತ್ರ ಕುಮಾರಿಯಾಗಿಯೇ ಉಳಿದೆ"
ಎಂದು ನಕ್ಕರು, ಸೋಡಾದ ಮುಚ್ಚಳ ತೆಗೆಯುತ್ತ.
"ನಾನು ವಿಜ್ಞಾನಿ ಅಲ್ಲ ಮಕ್ಕಳೇ, ಎಣಿಸುವವಳು."
ಜಾಸಿಂತ್ ಅದನ್ನು ಬರೆದುಕೊಂಡ, ಆಮೇಲೆ ಹೊಡೆದುಹಾಕಿದ.

ಅವರು ಎಣಿಸಿದ ಜೀವಿಗೆ ನನ್ನ ಭಾಷೆಯಲ್ಲಿ ಹೆಸರಿಲ್ಲ.
ಕೋಪೆಪಾಡ್ ಎಂದು ಬರೆದರೆ
ಕೋಪ ಬಂದವರ ಪಾಡು ಎಂದು ಓದುತ್ತಾರೆ ನಮ್ಮ ಓಣಿಯವರು.
ಗ್ರೀಕಿನಲ್ಲಿ ಅದು ದೋಣಿಯ ಹುಟ್ಟು, ಎಂದರು ಆಂಟಿ,
ಹುಟ್ಟಿನಂಥ ಕಾಲು.
ಹುಟ್ಟು!
ಸಿಂದಗಿ ಕಡೆಯ ನಮಗೆ
ಅದು ಸಾವಿನ ಜೊತೆ ಹೇಳುವ ಮಾತು,
ಮೊದಲ ಸಲ ನೀರಿಗಿಳಿಯಿತು.
ಹುಟ್ಟುಗಾಲಿ, ಎಂದು ಬರೆದೆ.
ಹುಟ್ಟಿದ ವರ್ಷ ಎಂಬ ಖಾನೆ ಮಾತ್ರ ಖಾಲಿ.
"ಆ ಹುಟ್ಟು ನಿಮಗೆ ಬೇಡ" ಎಂದಿದ್ದರು.

ಖಾರಿವಾಡಾ ಜೆಟ್ಟಿಯಿಂದ ಅವ್ವ ಬಂದಾಗ
ಸಿಗಡಿ ಸುಲಿದ ಬೆರಳ ತುದಿಗಳು ಬೆಳ್ಳಗೆ ಬಿರಿದಿದ್ದವು.
"ಹುಟ್ಟುಗಾಲಿ? ಬಂಡಿ ಗಾಲಿ ಏನ?"
ಅಲ್ಲವ್ವಾ, ಸಾಸಿವಿಗಿಂತ ಸಣ್ಣ ಹುಳ.
ಮೀನ ಅದನ್ನ ತಿಂತಾವ, ನಾವು ಮೀನ ತಿಂತೀವಿ.
"ಮತ್ತ ಅದನ್ನ ಎಣಸಿದಾಕಿಗೆ ಪಗಾರ ಕೊಟ್ರೇನ?"
ಕೊಟ್ಟಾರ.
"ಹಂಗಾದ್ರ ಛಲೋ ಆತು" ಅಂದಳು.
ಕೈ ತೊಳೆಯಹೋದಳು. ನಲ್ಲಿಯಲ್ಲಿ ನೀರಿರಲಿಲ್ಲ.

ಪುಟ ತೆರೆದ ಮೂರನೆಯ ರಾತ್ರಿ, ಅಂಗಡಿಯ ಶಟರು ಅರ್ಧ ಇಳಿದಾಗ
ಆಂಟಿಯ ಫೋನು.
ಹೊಗಳುತ್ತಾರೆಂದು ಸ್ಪೀಕರಿಗೆ ಹಾಕಿದೆವು.
"ಗಂಡಿನ ಚಿತ್ರ ಬರೆದದ್ದು ಯಾರು?"
ಜಾಸಿಂತ್ ಉಸಿರೆತ್ತಲಿಲ್ಲ.
"ಐದನೆಯ ಜೋಡಿ ಕಾಲು ಎರಡೂ ಒಂದೇ ಥರ ಇವೆ.
ಎಡದ್ದು ಬೇರೆ, ಬಲದ್ದು ಬೇರೆ.
ಅದನ್ನು ನೋಡಿಯೇ ಜಾತಿ ಹೇಳುವುದು.
ನೋಡದೆ ಬರೆದೆಯಾ?"
ನಾಳೆ ತಿದ್ದುತ್ತೇವೆ ಆಂಟಿ.
"ನಾಳೆ ಯಾಕೆ?"

ಶಾಹೀನ್ ಶಟರು ಮತ್ತೆ ಮೇಲೆತ್ತಿದಳು.
ಜಾಸಿಂತ್ ರಬ್ಬರು ಹುಡುಕತೊಡಗಿದ.
ಆ ಕಡೆ ಫೋನು ಇಟ್ಟಿರಲಿಲ್ಲ,
ಪುಟ ಮಗುಚುವ ಸದ್ದು,
ಯಾವುದೋ ಹಳೆಯ ನೋಟುಬುಕ್ಕಿನದು.