ಹುಸೇನಬಿಯ ಹೆಬ್ಬೆರಳು

ಬ್ಯಾಡಗಿಯಿಂದ ಹಾವೇರಿಯ ತನಕ
ಹೆಬ್ಬೆರಳು ಮೇಲೆತ್ತಿಕೊಂಡೇ ಬಂದಳಂತೆ ಬಸ್ಸಿನಲ್ಲಿ,
ತಗ್ಗಿಸಿದರೆ ಡವಡವ ಬಡಿಯುತ್ತದೆಂದು.
ಕಂಡಕ್ಟರ್ ನಕ್ಕನಂತೆ: “ಯಾರಿಗಿ ವೋಟ್ ಹಾಕಿ ಬಂದೀಬೇ?”

ಹುಸೇನಬಿ ನದಾಫ, ನಲವತ್ತಾರು, ಹೆಣ್ಣು.
ಚೀಟಿಯಲ್ಲಿ ಇಷ್ಟೇ: ಕೀವು, ಬಲಗೈ, ಕಲ್ಚರ್.
ಚೀಟಿಯಲ್ಲಿ ಇಲ್ಲದ್ದು, ಸೂಜಿಗೆ ಹೆದರಿ ಮಾತು ಹೆಚ್ಚಾದಾಗ ಬಂದದ್ದು:
ಹನ್ನೊಂದು ವರ್ಷದಿಂದ ಮೆಣಸಿನಕಾಯಿ ತೊಟ್ಟು ಮುರಿಯುತ್ತಾಳೆ,
ಕಿಲೋಕ್ಕೆ ಇಷ್ಟು ಅಂತ;
ಒಣ ತೊಟ್ಟಿನ ಚೂರೊಂದು ಉಗುರಸಂದಿ ಹೊಕ್ಕು ಒಂಬತ್ತು ದಿನ.
“ಈ ಖಾರಕ್ಕ ಯಾವ ಹುಳಾನೂ ಬದುಕೂದಿಲ್ಲ ಅಂದ್ಕೊಂಡಿದ್ನಿ ನೋಡ್ರಿ.”

ಬದುಕಿತ್ತು.
ಮರುದಿನ ಮುಚ್ಚಳ ತೆಗೆದರೆ
ಕುರಿಯ ರಕ್ತದ ಕೆಂಪು ತಟ್ಟೆಯ ಮೇಲೆ
ಯಾರೋ ನವಣಕ್ಕಿ ಚೆಲ್ಲಿ ಹೋದ ಹಾಗೆ
ಗುಂಡಗೆ, ಹೊಳೆಹೊಳೆದು, ಹೊಂಬಣ್ಣ.
ಒಂದೊಂದು ಕಾಳಿನ ಸುತ್ತಲೂ ಒಂದು ಬಯಲು:
ಅಷ್ಟು ರಕ್ತ ತಿಂದಾಗಿದೆ.

ಹುಬ್ಬಳ್ಳಿಯಲ್ಲಿ ಕಲಿಸಿದ ಗುಡಿಸಾಗರ ಸರ್ ಇನ್ನೂ ಕಿವಿಯಲ್ಲಿದ್ದಾರೆ:
“ಕಡ್ಡಿ ತುದಿಗೆ ಹತ್ತಿದಷ್ಟು ಸಾಕು. ಕೆಳಗಿನ ರಕ್ತ ಬರಬಾರದು ಮತ್ತ.
ರಕ್ತಾನೂ ನೊರಿ ತರತೈತಿ, ನಿಮಗ ಸುಳ್ಳು ಹೇಳತೈತಿ.”
ಗಾಜಿನ ಪಟ್ಟಿ.
ಪೆರಾಕ್ಸೈಡ್, ಒಂದು ಹನಿ.
ಒಂದು ಎನ್ನುವ ಮೊದಲೇ
ಭುಸ್ಸೆಂದಿತು.

ಇದನ್ನೇ ಅಲ್ಲವೆ ಅವಳ ಬಿಳಿ ಕಣಗಳು
ಒಂಬತ್ತು ದಿನ, ಒಂಬತ್ತು ರಾತ್ರಿ ಸುರಿದದ್ದು?
ಮೂಳೆಯ ಮಜ್ಜೆಯಿಂದ ಹೊರಟು
ನಾಳದ ಗೋಡೆಯಲ್ಲಿ ಸಂದು ಹುಡುಕಿ ನುಸುಳಿ
ಎದುರಾದದ್ದನ್ನು ಇಡಿಯಾಗಿ ನುಂಗಿ
ಒಳಗಿನ ಕಿರುಕೋಣೆಯ ಕದ ಜಡಿದು
ಎಳೆದುಕೊಂಡ ಉಸಿರನ್ನೇ ಬೆಂಕಿ ಮಾಡಿದವು.
ಕತ್ತಲಲ್ಲಿ ಹೊಂಬಣ್ಣದವರು
ಒಂದು ಕಿಣ್ವದಿಂದ ಬೆಂಕಿಯನ್ನು ಪೆರಾಕ್ಸೈಡಿಗೆ ಇಳಿಸಿದರು,
ಇನ್ನೊಂದರಿಂದ ಪೆರಾಕ್ಸೈಡನ್ನು
ನೀರು ಮಾಡಿದರು.
ಬರೀ ನೀರು. ಒಂದಿಷ್ಟು ಗಾಳಿ.
ಎಲ್ಲರೂ ಉಳಿಯಲಿಲ್ಲ; ಉಳಿದವರು ಸಾಕಾದರು.
ನುಂಗಿದವರು ನುಂಗಿದಲ್ಲೇ ಒಡೆದು ಸತ್ತರು.
ಆ ಸತ್ತವರನ್ನು ನಾವು ಕೀವು ಎನ್ನುತ್ತೇವೆ,
ಮೂಗು ಮುಚ್ಚುತ್ತೇವೆ.

ಹೊನ್ನಿನ ಬಣ್ಣವೂ ಸಿಂಗಾರಕ್ಕಲ್ಲ.
ಉರಿ ತಾಗದಿರಲೆಂದು ಹೊದ್ದ ಕೌದಿ ಅದು.
ಬ್ಯಾಡಗಿಯ ಕಾಯಿ ಮುದುಕಿಯ ಹಾಗೆ ಸುಕ್ಕುಗಟ್ಟಿಯೂ ಕೆಂಪು ಬಿಡುವುದಿಲ್ಲವಲ್ಲ,
ಫ್ಯಾಕ್ಟರಿಯವರು ಹಿಂಡಿ, ಡ್ರಮ್ಮಿಗೆ ತುಂಬಿ,
ಯಾರದೋ ತುಟಿಗೆ ಕಳಿಸುತ್ತಾರಲ್ಲ,
ಅದೇ ಮನೆತನದ ಬಣ್ಣ.
ಒಂದು ಕವಲು ಹನ್ನೊಂದು ವರ್ಷ ಅವಳ ಉಗುರಡಿಯಲ್ಲಿ ಕೂತಿತ್ತು.
ಇನ್ನೊಂದು, ದಾಯಾದಿಯಂತೆ,
ಕೇಳದೆಯೇ ಬಂದು ಪಾಲು ತೆಗೆದುಕೊಂಡಿತು.

ಬುಧವಾರ ಮತ್ತೆ ಬಂದಳು.
ಸೀಳಿದ ಗಾಯಕ್ಕೆ ಡ್ರೆಸ್ಸರ್ ಅದೇ ಬಾಟಲಿ ಬಗ್ಗಿಸಿದ.
ನೊರೆ ಉಕ್ಕಿತು, ಹಾಲಿನಂತೆ.
“ಸತ್ತವು ನೋಡ್ರಿ! ಹೆಂಗ ಒದ್ದಾಡಾಕತ್ಯಾವ!”
ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನ್ನ ನೌಕರಿಯೂ ಹೌದು.
ಆದರೂ ಹೇಳಿದೆ:
ಅದು ಸಾಯುವ ಸಪ್ಪಳ ಅಲ್ಲವ್ವಾ,
ಅದು ತಡೆಯುವುದು.
ಹುಳದ ಕೈಯಲ್ಲಿದ್ದ ಗುರಾಣಿಯೇ ನಿನ್ನ ರಕ್ತದಲ್ಲೂ ಇದೆ,
ಈಗ ನೊರೆ ಬಂದದ್ದು ಬಹುಪಾಲು ನಿನ್ನದು.

ಬೆರಳನ್ನು ಅತ್ತ ಇತ್ತ ತಿರುಗಿಸಿ ನೋಡಿದಳು,
ಸಂತೆಯಲ್ಲಿ ಬಳೆ ನೋಡಿದಂತೆ.
“ಹಂಗಾರ ನನ್ನ ಕಡೀನೂ ಐತಿ ಅನ್ರಿ.”

ಐದು ದಿನದ ಗುಳಿಗೆ ಬರೆಸಿಕೊಂಡಳು.
ಬಾಗಿಲ ತನಕ ಹೋದವಳು ತಿರುಗಿ:
“ಎಡಗೈಲೆ ಮುರದ್ರ ನಡೀತೈತೇನ್ರಿ? ಸೋಮವಾರ ಮಾಲ ಬರತೈತಿ.”

ವರದಿಯಲ್ಲಿ ಬರೆದೆ: ಕೆಟಲೇಸ್, ಪಾಸಿಟಿವ್.
ಅವಳು ಕೂತೆದ್ದ ಸ್ಟೂಲಿನಿಂದ ಘಾಟು ಇನ್ನೂ ಏಳುತ್ತಿತ್ತು.
ಸಹಿ ಮಾಡುವಾಗ ಸೀನು ಬಂದು
ನನ್ನ ಹೆಸರಿನ ಕೊನೆಯಕ್ಷರ ಅಲ್ಲಾಡಿತು.